ಪಿಒಪಿ ಶೀಟಿನ ಕೈಯೂ ಕೈಯೇ

ಕನ್ನಡದ ಓದುಗರಿಗೆ 'ಕೈ' ಎಂಬ ಮಾತಿನ ಮೇಲೆ ಮೊದಲಿನಿಂದಲೂ ಪ್ರೀತಿ. ಕೈಮಗ್ಗ, ಕೈನೂಲು, ಕೈತುತ್ತು, ಕೈಗುಣ ಎಂದು ಯಾವ ಪದಕ್ಕೆ 'ಕೈ' ಸೇರಿಕೊಂಡರೂ ಅದು ಒಳ್ಳೆಯದೇ ಇರಬೇಕೆಂದು ನಂಬಿಬಿಡುತ್ತೇವೆ. ವಿಚಾರ ಸಂಕಿರಣಗಳಿಗೆ ಹೋದರೆ ಅರ್ಧ ಸಭೆ ಖಾದಿ ಉಟ್ಟಿರುತ್ತದೆ, ಉಳಿದರ್ಧದ ಹೆಗಲಲ್ಲಿ ಕೈಮಗ್ಗದ ಚೀಲ ನೇತಾಡುತ್ತಿರುತ್ತದೆ. ವೇದಿಕೆಯಲ್ಲಿ ಕೂತವರು ಯಂತ್ರ ನಾಗರಿಕತೆಯನ್ನು ಬೈದು, ಕೈಕಸುಬಿನ ಘನತೆಯನ್ನು ಕೊಂಡಾಡಿ, ಚಹಾ ವಿರಾಮಕ್ಕೆ ಇಳಿಯುತ್ತಾರೆ. ಇಷ್ಟೆಲ್ಲ ನಡೆಯುವಾಗ ಎಲ್ಲರ ತಲೆಯ ಮೇಲೆ ಬಿಳಿಯ ಫಾಲ್ಸ್ ಸೀಲಿಂಗ್ ಇರುತ್ತದೆ. ಎಷ್ಟೋ ಸಭಾಂಗಣಗಳಲ್ಲಿ, ಮದುವೆ ಛತ್ರಗಳಲ್ಲಿ, ಮನೆಗಳಲ್ಲಿ ಆ ಸೀಲಿಂಗಿನ ಶೀಟುಗಳನ್ನೂ ಅಂಚಿನ ಹೂಬಳ್ಳಿಗಳನ್ನೂ ಯಾರೋ ಕೈಯಿಂದಲೇ ಎರಕ ಹೊಯ್ದು, ನಾರು ಹಾಸಿ, ಸವರಿ, ಒಣಗಿಸಿ ಮಾಡಿರುತ್ತಾರೆ. ಅದನ್ನು ಮಾತ್ರ ನಾವು ಯಾರೂ ಕೈಕಸುಬು ಎನ್ನುವುದಿಲ್ಲ.

ನನ್ನ ತಕರಾರು ಇದರ ಮೇಲೆ. ಕೈಯ ಬಗ್ಗೆ ನಮ್ಮ ಸಾಹಿತ್ಯಕ್ಕಿರುವ ಭಾವುಕತೆಗೂ, ಕೈಯ ಬಗ್ಗೆ ನಮ್ಮ ಕಾನೂನಿಗಿರುವ ಅಸಡ್ಡೆಗೂ ಒಳಗೊಳಗೇ ನಂಟಿದೆ ಎಂಬುದು ನನ್ನ ವಾದ.

ನಾನು ಚಿಕ್ಕಬಳ್ಳಾಪುರದ ಪಕ್ಕದ ಕಳವಾರದವನು. ನಮ್ಮೂರಿನ ಹೆಸರು ಹೇಳಿದರೆ ಬೆಂಗಳೂರಿನ ಗೆಳೆಯರಿಗೆ ನೆನಪಾಗುವುದು ಕಳವಾರ ಬೆಟ್ಟ, ಅಂದರೆ ಅವರ ಬಾಯಲ್ಲಿ ಸ್ಕಂದಗಿರಿ. ಶನಿವಾರ ರಾತ್ರಿ ಬಂದು, ಟಾರ್ಚು ಹಿಡಿದು ಹತ್ತಿ, ಬೆಳಗಿನ ಜಾವ ಮೋಡದ ಮೇಲೆ ಸೂರ್ಯ ಹುಟ್ಟುವುದನ್ನು ನೋಡಿ ಹೋಗುತ್ತಾರೆ. ಅವರು ಬಂದು ಹೋಗುವ ಬೆಂಗಳೂರು-ಹೈದರಾಬಾದ್ ಹೆದ್ದಾರಿಯ ಆಚೀಚೆ ತಗಡಿನ ಶೆಡ್ಡುಗಳಿವೆ. ಸಿಮೆಂಟ್ ಇಟ್ಟಿಗೆಯವು, ಗ್ರಾನೈಟ್ ಕತ್ತರಿಸುವವು, ಪಿಒಪಿ ಶೀಟಿನವು. ಕನ್ನಡ ಕಥನದಲ್ಲಿ ದುಡಿಮೆಯ ಚಿತ್ರಗಳ ಬಗ್ಗೆ ಪಿಎಚ್‌ಡಿ ಮಾಡುತ್ತಿರುವ ನಾನು ಕಳೆದ ಎರಡು ವರ್ಷಗಳಲ್ಲಿ ಇಂಥ ಒಂದು ಶೀಟಿನ ಶೆಡ್ಡಿಗೆ ಹಲವು ಸಲ ಹೋಗಿ ಕೂತಿದ್ದೇನೆ. ಅದರ ಹೆಸರು ಇಲ್ಲಿ ಬೇಡ. ಒಂದು ಶೆಡ್ಡನ್ನು ಹೆಸರಿಡಿದು ಬೈದರೆ ಉಳಿದವೆಲ್ಲ ಸರಿಯಿವೆ ಎಂದಾಗುತ್ತದೆ.

ಮೊದಲು ಕೆಲಸ ಹೇಗೆ ನಡೆಯುತ್ತದೆಂದು ಹೇಳಬೇಕು. ಪಿಒಪಿ ಅಂದರೆ ಪ್ಲಾಸ್ಟರ್ ಆಫ್ ಪ್ಯಾರಿಸ್. ನೆಲದಿಂದ ಅಗೆದ ಜಿಪ್ಸಮ್ಮನ್ನು ಸುಮಾರು 150 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಾಯಿಸಿದರೆ ಅದರೊಳಗಿನ ನೀರಿನಲ್ಲಿ ಮುಕ್ಕಾಲು ಪಾಲು ಹೊರಟುಹೋಗುತ್ತದೆ. ಉಳಿಯುವ ಪುಡಿಯೇ ಪಿಒಪಿ. ಅದಕ್ಕೆ ಮತ್ತೆ ನೀರು ಸೇರಿಸಿದರೆ ಕಳೆದುಕೊಂಡಿದ್ದನ್ನು ಹೀರಿಕೊಂಡು, ಬಿಸಿಯಾಗಿ, ಕಲ್ಲಾಗುತ್ತದೆ. ದೇಶದ ಜಿಪ್ಸಮ್ಮಿನ ಬಹುಪಾಲು ಸಿಗುವುದು ರಾಜಸ್ಥಾನದಲ್ಲಿ. ಬಿಕಾನೇರ್ ಕಡೆಯಿಂದ ಚೀಲಗಟ್ಟಲೆ ಲಾರಿಯಲ್ಲಿ ಇಲ್ಲಿಗೆ ಬರುತ್ತದೆ.

ಶೆಡ್ಡಿನಲ್ಲಿ ಸೊಂಟದೆತ್ತರಕ್ಕೆ ಉದ್ದನೆಯ ಮೇಜುಗಳು, ಅವುಗಳ ಮೇಲೆ ಅಚ್ಚುಗಳು. ಅಚ್ಚಿಗೆ ಎಣ್ಣೆ ಸವರುತ್ತಾರೆ. ಪ್ಲಾಸ್ಟಿಕ್ ಟಬ್ಬಿನ ನೀರಿಗೆ ಪುಡಿಯನ್ನು ಉದುರಿಸುತ್ತ ಕೈಯಿಂದ ಕಲಸುತ್ತಾರೆ. ಪುಡಿಗೆ ನೀರು ಹಾಕಿದರೆ ಗಂಟಾಗುತ್ತದೆ, ನೀರಿಗೇ ಪುಡಿ ಬೀಳಬೇಕು. ಮೊದಲ ತೆಳುವಾದ ಪದರ ಮಜ್ಜಿಗೆಯ ಹದದಲ್ಲಿ ಅಚ್ಚಿನ ಮೇಲೆ ಹರಿಯಬೇಕು, ಶೀಟಿನ ನುಣುಪು ಮುಖ ಅದೇ. ಅದು ದೋಸೆ ಹಿಟ್ಟಿನ ಹದಕ್ಕೆ ಬರುವಷ್ಟರಲ್ಲಿ ನಾರನ್ನು ಬಿಡಿಸಿ, ಎಲ್ಲೂ ದಪ್ಪ ಎಲ್ಲೂ ತೆಳು ಆಗದ ಹಾಗೆ ಹಾಸಬೇಕು. ತೆಂಗಿನ ನಾರು, ಕತ್ತಾಳೆ ನಾರು, ಈಚೆಗೆ ಗಾಜಿನ ನಾರು. ಅದರ ಮೇಲೆ ಇನ್ನೊಂದು ಪದರ ಹೊಯ್ದು, ಬೆರಳಿನಿಂದ ನಾರನ್ನು ಒತ್ತಿ ಮುಳುಗಿಸಿ, ಪಟ್ಟಿ ಎಳೆದು ಮಟ್ಟ ಮಾಡಬೇಕು. ಇದೆಲ್ಲ ಮುಗಿಯುವುದಕ್ಕೆ ಇರುವುದು ಕೆಲವೇ ನಿಮಿಷ. ಆಮೇಲೆ ಅದು ಯಾರ ಮಾತನ್ನೂ ಕೇಳುವುದಿಲ್ಲ. ಗಟ್ಟಿಯಾದ ಶೀಟನ್ನು ಎತ್ತಿ ಬಿಸಿಲಿಗೆ ನಿಲ್ಲಿಸುತ್ತಾರೆ. ಎತ್ತುವಾಗ ಮುರಿದರೆ ಆ ಶೀಟು ಲೆಕ್ಕಕ್ಕಿಲ್ಲ. ಇಲ್ಲಿ ಕೂಲಿ ದಿನಕ್ಕಲ್ಲ, ಶೀಟಿಗೆ.

ಬರೀ ಪ್ಲಾಸ್ಟರಿನ ಹಲಗೆ ಸ್ವಲ್ಪ ಬಾಗಿದರೂ ಮುರಿಯುತ್ತದೆ. ಅದನ್ನು ಹಿಡಿದು ನಿಲ್ಲಿಸುವುದು ನಾರು, ನಾರು ಸರಿಯಾದ ಜಾಗದಲ್ಲಿದೆಯೇ ಎಂದು ತಿಳಿಯುವುದು ಬೆರಳಿಗೆ. ನೇಯ್ಗೆಯವರ ಬಗ್ಗೆ, ಕುಂಬಾರರ ಬಗ್ಗೆ ನಾವು ಹೇಳುವ 'ಹದ', 'ನಿಗಾ', 'ಕೈಯ ಜ್ಞಾನ' ಎಂಬ ಮಾತುಗಳೆಲ್ಲ ಇಲ್ಲಿಗೂ ಹೊಂದುತ್ತವೆ. ಆದರೂ ಹೊಂದಿಸಿ ನೋಡಿದವರು ಕಡಿಮೆ. ಶೆಡ್ಡಿನಲ್ಲಿರುವವರು ಬಿಹಾರ, ಉತ್ತರಪ್ರದೇಶದ ಹುಡುಗರು ಮತ್ತು ಸುತ್ತಲಿನ ಹಳ್ಳಿಗಳ ಹೆಂಗಸರು. ತಯಾರಾಗುವುದು ಫಾಲ್ಸ್ ಸೀಲಿಂಗ್, ಅಂದರೆ ಹೆಸರಿನಲ್ಲೇ 'ಸುಳ್ಳು' ಇರುವ ವಸ್ತು. ಮಣ್ಣು, ಹತ್ತಿ, ಬಿದಿರಿನ ಹಾಗೆ ಅದರ ಮೇಲೆ ಕವಿತೆ ಹುಟ್ಟುವುದಿಲ್ಲ.

ನಾರು ಹಾಸುವ ಅಕ್ಕ ಒಬ್ಬರು ಒಂದು ದಿನ ಕೈ ತೋರಿಸಿದರು. ಬೆರಳ ತುದಿಯ ಚರ್ಮ ಒಣಗಿ ಸೀಳು ಬಿಟ್ಟಿತ್ತು, ಸೀಳಿನೊಳಗೆ ಬಿಳಿ ಪುಡಿ ಕೂತಿತ್ತು. ಗ್ಲೌಸ್ ಹಾಕಿಕೊಳ್ಳಬಾರದೇ ಎಂದೆ. 'ಕೊಡಲ್ಲ ಅನ್ನೋದು ಬೇರೆ ಮಾತು ಕಣಪ್ಪ. ಕೊಟ್ರೂ ಹಾಕ್ಕೊಂಡ್ರೆ ನಾರು ಗ್ಲೌಸಿಗೇ ಅಂಟ್ಕೊಂತದೆ. ಯಾವಾಗ ಗಟ್ಟಿ ಆಗ್ತದೆ ಅಂತ ಕೈಗೆ ಗೊತ್ತಾಗ್ಬೇಕಲ್ಲ' ಎಂದರು. ಕೈ ತೊಳೆಯಲು ಏನಿದೆ ಎಂದರೆ ಟಬ್ಬು ತೋರಿಸಿದರು. ಉಪಕರಣಗಳನ್ನು ತೊಳೆಯುವ ಅದೇ ಬಿಳಿ ನೀರು.

ನಮ್ಮ ಜಿಲ್ಲೆಗೆ ಇದು ಹೊಸದಲ್ಲ. ಶಿಡ್ಲಘಟ್ಟದ ರೇಷ್ಮೆ ರೀಲಿಂಗ್ ಮನೆಗಳಲ್ಲಿ ಬಿಸಿನೀರಿನಲ್ಲಿ ಕೈಯಾಡಿಸಿ ಗೂಡಿನ ಎಳೆ ಹುಡುಕುವವರ ಬೆರಳು ನೋಡಿದವರಿಗೆ ಈ ಬೆರಳು ಗುರುತು ಸಿಗುತ್ತದೆ. ವ್ಯತ್ಯಾಸವೆಂದರೆ ರೇಷ್ಮೆ ಸೀರೆಗೆ ಒಂದು ಸಂಸ್ಕೃತಿಯ ಕಥೆಯಿದೆ, ಶೀಟಿಗೆ ಅದೂ ಇಲ್ಲ.

ಇದನ್ನು ಹಿಗ್ಗಿಸಿ ಹೇಳುವ ಅಗತ್ಯ ನನಗಿಲ್ಲ. ಜಿಪ್ಸಮ್ಮಿನ ಧೂಳು ನಮ್ಮ ಕಲ್ಲುಕ್ವಾರಿಗಳ ಸಿಲಿಕಾ ಧೂಳಿನಷ್ಟು ಕೊಲ್ಲುವಂಥದ್ದಲ್ಲ. ಆದರೆ ಕಣ್ಣು, ಗಂಟಲು, ಚರ್ಮವನ್ನು ಉರಿಸುತ್ತದೆ, ದಿನವಿಡೀ ಅದರಲ್ಲೇ ನಿಂತವರನ್ನು ಕೆಮ್ಮು ಬಿಡುವುದಿಲ್ಲ. ಗಾಜಿನ ನಾರು ಚರ್ಮಕ್ಕೆ ಚುಚ್ಚಿ ತುರಿಕೆ ತರುತ್ತದೆ. ಇನ್ನು ಪ್ಲಾಸ್ಟರ್ ಗಟ್ಟಿಯಾಗುವಾಗಿನ ಬಿಸಿ ಎಂಥದೆಂದು ಗೊತ್ತಾಗಲು ಇಂಗ್ಲೆಂಡಿನ ಒಂದು ಪ್ರಕರಣ ಸಾಕು. 2007ರಲ್ಲಿ ಲಿಂಕನ್‌ಶೈರ್‌ನ ಶಾಲೆಯೊಂದರಲ್ಲಿ 16 ವರ್ಷದ ಹುಡುಗಿ ಕಲಾ ತರಗತಿಯಲ್ಲಿ ತನ್ನ ಕೈಗಳ ಅಚ್ಚು ತೆಗೆಯಲು ಪ್ಲಾಸ್ಟರಿನ ಬಕೆಟ್ಟಿನಲ್ಲಿ ಕೈಯಿಟ್ಟಳು. ಅದು ಬಿಸಿಯಾಗುತ್ತ ಗಟ್ಟಿಯಾಯಿತು, ಕೈ ತೆಗೆಯಲಾಗಲಿಲ್ಲ. ಬಹುತೇಕ ಎಲ್ಲ ಬೆರಳುಗಳನ್ನೂ ಕಳೆದುಕೊಂಡಳು. ಶಾಲೆಗೆ ನ್ಯಾಯಾಲಯ ದಂಡ ಹಾಕಿತು. ಶೆಡ್ಡಿನಲ್ಲಿ ಯಾರೂ ಟಬ್ಬಿನೊಳಗೆ ಕೈಯಿಟ್ಟು ಕಾಯುವುದಿಲ್ಲ, ನಿಜ. ಆದರೆ ಈ ವಸ್ತು ಮೆದುವಾದದ್ದು, ಪಾಪದ್ದು ಎಂದು ಹೇಳುವವರಿಗೆ ಇಷ್ಟು ಗೊತ್ತಿರಲಿ.

ಈಗ ಕಾನೂನಿನ ಮಾತು. 1948ರ ಕಾರ್ಖಾನೆ ಕಾಯ್ದೆಯ ಸೆಕ್ಷನ್ 2(ಎಂ) 'ಕಾರ್ಖಾನೆ' ಎಂದರೇನೆಂದು ಹೇಳಿತ್ತು. ಯಂತ್ರಶಕ್ತಿ ಬಳಸುವ ಕಡೆ 10 ಜನ ಕೆಲಸಗಾರರಿದ್ದರೆ ಅದು ಕಾರ್ಖಾನೆ. ಯಂತ್ರಶಕ್ತಿ ಇಲ್ಲದ ಕಡೆಯಾದರೆ 20 ಜನ ಬೇಕು. ಅಂದರೆ ಮೋಟಾರಿನಿಂದ ಕಲಸಿದರೆ ಹತ್ತು ಜನಕ್ಕೆ ಧೂಳಿನಿಂದ ರಕ್ಷಣೆ, ಕೈ ತೊಳೆಯುವ ವ್ಯವಸ್ಥೆ, ಇನ್‌ಸ್ಪೆಕ್ಟರ್ ಭೇಟಿ. ಕೈಯಿಂದ ಕಲಸಿದರೆ ಇಪ್ಪತ್ತು ಜನ ಆಗುವವರೆಗೂ ಏನೂ ಇಲ್ಲ. ಕೆಲಸ ಅದೇ, ಪುಡಿ ಅದೇ, ಗಂಟಲೂ ಅದೇ. ಕೈ ಹೆಚ್ಚು ದುಡಿದಷ್ಟೂ ಅದಕ್ಕೆ ಸಿಗುವ ಆಸರೆ ಕಡಿಮೆ.

ಈ ವಿಂಗಡಣೆ ಬಂದದ್ದು ಕೇಡಿನ ಉದ್ದೇಶದಿಂದಲ್ಲ. 1881ರಲ್ಲಿ ಬ್ರಿಟಿಷರು ಮೊದಲ ಕಾರ್ಖಾನೆ ಕಾಯ್ದೆ ತಂದಾಗ ಅವರ ಕಣ್ಣೆದುರು ಇದ್ದದ್ದು ಉಗಿಯಂತ್ರ, ತಿರುಗುವ ಬೆಲ್ಟು, ಅದರಲ್ಲಿ ಸಿಕ್ಕಿಬೀಳುವ ಮಕ್ಕಳು. ಅಪಾಯ ಅಂದರೆ ಯಂತ್ರ ಎಂಬ ತಿಳಿವಳಿಕೆ ಅಲ್ಲಿಂದ ಬಂತು. ಆ ಕಾಯ್ದೆ ಯಂತ್ರಶಕ್ತಿಯಿದ್ದು 100 ಜನ ದುಡಿಯುವ ಕಡೆಗೆ ಮಾತ್ರ ಇತ್ತು. 1891ರಲ್ಲಿ ಆ ಸಂಖ್ಯೆ 50ಕ್ಕೆ ಇಳಿಯಿತು, 1922ರಲ್ಲಿ 20ಕ್ಕೆ, ಸ್ವಾತಂತ್ರ್ಯ ಬಂದ ಮರುವರ್ಷ 10ಕ್ಕೆ. ಅರವತ್ತೇಳು ವರ್ಷಗಳ ಉದ್ದಕ್ಕೂ ಅದು ಇಳಿಯುತ್ತಲೇ ಬಂತು. ಇಳಿದ ಪ್ರತಿ ಮೆಟ್ಟಿಲಿನ ಹಿಂದೆ ಕಾರ್ಮಿಕರ ಹೋರಾಟದ ಪಾಲಿದೆ. 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆ ಅದನ್ನು ಮತ್ತೆ ಮೇಲಕ್ಕೆ ಹತ್ತಿಸಿತು. ಯಂತ್ರಶಕ್ತಿ ಇದ್ದರೆ 20, ಇಲ್ಲದಿದ್ದರೆ 40. 2025ರ ನವೆಂಬರ್ 21ರಿಂದ ಈ ಸಂಹಿತೆ ಜಾರಿಯಲ್ಲಿದೆ. ಹತ್ತು ಜನರಿರುವ ಯಾವುದೇ ಸಂಸ್ಥೆಯ ಮಾಲೀಕನ ಮೇಲೆ ಅದು ಕೆಲವು ಸಾಮಾನ್ಯ ಹೊಣೆಗಳನ್ನು ಹೊರಿಸಿದೆ ಎಂಬುದನ್ನೂ ಹೇಳಬೇಕು. ಆದರೆ ನಾನು ಕಂಡ ಶೆಡ್ಡಿನಲ್ಲಿ ದುಡಿಯುವವರು ಎಂಟು ಜನ. ಅವರು ಹತ್ತರ ಕೆಳಗೂ ಬೀಳುತ್ತಾರೆ, ನಲವತ್ತರ ಕನಸಂತೂ ದೂರ. ಇಎಸ್‌ಐಗೂ ಹತ್ತು ಜನ ಬೇಕು. ಎಂಟು ಜನ ಯಾವ ಪಟ್ಟಿಯಲ್ಲೂ ಇಲ್ಲ.

ಹಳೆಯ ಕಾಯ್ದೆಯಲ್ಲಿ ಇದಕ್ಕೊಂದು ಬಾಗಿಲಾದರೂ ಇತ್ತು. ಸೆಕ್ಷನ್ 85ರ ಪ್ರಕಾರ ಕೆಲಸಗಾರರ ಸಂಖ್ಯೆ ಎಷ್ಟೇ ಕಡಿಮೆ ಇದ್ದರೂ, ಯಂತ್ರಶಕ್ತಿ ಇಲ್ಲದಿದ್ದರೂ, ರಾಜ್ಯ ಸರ್ಕಾರ ಅಧಿಸೂಚನೆ ಹೊರಡಿಸಿ ಒಂದು ಜಾಗವನ್ನು ಕಾರ್ಖಾನೆ ಎಂದು ಪರಿಗಣಿಸಬಹುದಿತ್ತು. ಎಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಕೈಯಲ್ಲಿದ್ದ ಬೀಗದಕೈ ಅದು. ನಾನು ಮಾತಾಡಿಸಿದ ಎಂಟು ಜನರಿಗೆ ಆ ಬಾಗಿಲು ಒಮ್ಮೆಯೂ ತೆರೆದಿರಲಿಲ್ಲ.

ಕಾನೂನಿನ ತರ್ಕ ಇಷ್ಟೇ: ಯಂತ್ರ ಅಪಾಯಕಾರಿ, ಕೈ ನಿರಪಾಯಕಾರಿ. ನಮ್ಮ ಸಂಕಿರಣಗಳ ತರ್ಕವೂ ಬೇರೆಯಲ್ಲ: ಯಂತ್ರ ಕೆಟ್ಟದ್ದು, ಕೈ ಪವಿತ್ರ. ಒಬ್ಬರು ಕೈಯನ್ನು ನಂಬಿ ಅದಕ್ಕೆ ರಕ್ಷಣೆ ಬೇಡವೆಂದರು, ಇನ್ನೊಬ್ಬರು ಕೈಯನ್ನು ಪೂಜಿಸಿ ಅದರ ಸೀಳು ನೋಡಲಿಲ್ಲ. ಎರಡೂ ಕಡೆ ಕೈಗೆ ಮೈಯಿಲ್ಲ, ಶ್ವಾಸಕೋಶವಿಲ್ಲ, ಸಂಜೆಯ ಹೊತ್ತಿನ ಸೊಂಟನೋವಿಲ್ಲ.

2017ರಲ್ಲಿ ಜಿಎಸ್‌ಟಿ ಬಂದಾಗ ಕೈ ಉತ್ಪನ್ನಗಳಿಗೆ ಸೊನ್ನೆ ತೆರಿಗೆ ಇರಲಿ ಎಂದು ರಂಗಕರ್ಮಿ ಪ್ರಸನ್ನ ಅವರ ಮುಂದಾಳತ್ವದಲ್ಲಿ ಸತ್ಯಾಗ್ರಹ ನಡೆಯಿತು. ಆ ಬೇಡಿಕೆಯ ನ್ಯಾಯವನ್ನು ನಾನು ಪ್ರಶ್ನಿಸುತ್ತಿಲ್ಲ. ಕೈಯಿಂದ ಮಾಡಿದ್ದನ್ನು ಯಂತ್ರದ ಸರಕಿನ ಜೊತೆ ಒಂದೇ ತಕ್ಕಡಿಯಲ್ಲಿ ತೂಗಬಾರದು ಎಂಬುದನ್ನು ಕನ್ನಡಿಗರು ದೇಶಕ್ಕೆ ಹೇಳಿದ್ದು ದೊಡ್ಡ ಮಾತು. ನನ್ನ ಪ್ರಶ್ನೆ ನಮ್ಮಂಥ ಓದುಗರಿಗೆ. ಆ ಹೊತ್ತಿನಲ್ಲಿ 'ಕೈ ಉತ್ಪನ್ನ' ಎಂದಾಗ ನಮ್ಮ ಮನಸ್ಸಿನಲ್ಲಿ ಮೂಡಿದ ಚಿತ್ರಗಳು ಯಾವುವು? ಮಗ್ಗ, ತಿಗರಿ, ಬುಟ್ಟಿ. ಹೆದ್ದಾರಿ ಬದಿಯ ತಗಡಿನ ಶೆಡ್ಡು ಅವುಗಳಲ್ಲಿ ಇರಲಿಲ್ಲ. ಹಳ್ಳಿಯ ಕೈ ಕಂಡಿತು, ಶೆಡ್ಡಿನ ಕೈ ಕಾಣಲಿಲ್ಲ. ಕಾಣುವ ಕೈಗೆ ಒಂದು ಕುಲ, ಒಂದು ಊರು, ಒಂದು ಪರಂಪರೆ ಇರಬೇಕೆಂದು ನಾವು ತೀರ್ಮಾನಿಸಿಬಿಟ್ಟಿದ್ದೇವೆ. ಹಾಗೆ ನೋಡಿದರೆ ನಮ್ಮ ಕೈಕಸುಬಿನ ಪ್ರೀತಿಯೊಳಗೆ ಜಾತಿಯ ನೆರಳೂ ಇದೆ. ಅಪ್ಪನ ಕಸುಬನ್ನು ಮಗ ಮಾಡಿದರೆ ಅದು ಕಲೆ. ಕಸುಬು ಬಿಟ್ಟು, ಊರು ಬಿಟ್ಟು, ಪರ ಊರಿನಲ್ಲಿ ಹೊಸ ಕೆಲಸ ಕಲಿತವನದ್ದು ಬರೀ ಕೂಲಿ.

ನಾರಿನ ಕೆಲಸಕ್ಕೆ ಕನ್ನಡದಲ್ಲಿ ಪರಂಪರೆಯೇನೂ ಕಡಿಮೆಯಿಲ್ಲ. ಹನ್ನೆರಡನೆಯ ಶತಮಾನದ ನುಲಿಯ ಚಂದಯ್ಯನ ಕಾಯಕ ಹುಲ್ಲಿನ ಹಗ್ಗ ಹೊಸೆಯುವುದು. ಆತನ ಹೆಸರಿನಲ್ಲೇ ಆ ನುಲಿ ಇದೆ. ಅಂಬಿಗರ ಚೌಡಯ್ಯ, ಮಾದಾರ ಚೆನ್ನಯ್ಯ ಎಂದು ಕಸುಬನ್ನು ಹೆಸರಿಗೆ ಸೇರಿಸಿ ಹೇಳಿಕೊಂಡ ಜನ ಅವರು. ಎಂಟುನೂರು ವರ್ಷಗಳ ನಂತರ, ಬಯಲುಸೀಮೆಯ ಕತ್ತಾಳೆ ನಾರನ್ನು ಪ್ಲಾಸ್ಟರಿನಲ್ಲಿ ಹಾಸುವ ಹೆಂಗಸಿನ ಕಸುಬಿಗೆ ನಮ್ಮ ಭಾಷೆಯಲ್ಲಿ ಒಂದು ಹೆಸರಿಲ್ಲ. 'ಪಿಒಪಿಯವರು ಬಂದಿದ್ದಾರೆ' ಎನ್ನುತ್ತೇವೆ, ಅಷ್ಟೇ. ಅದೂ ಸೀಲಿಂಗ್ ಕೂರಿಸಲು ಬಂದವರಿಗೆ. ಶೀಟು ಮಾಡಿದವರಿಗೆ ಅದೂ ಇಲ್ಲ.

ಹೆಸರಿದ್ದರೆ ಏನಾಗುತ್ತದೆ ಎನ್ನುವವರು ಹೊರಗೆ ನೋಡಬಹುದು. ನಾರು ಸೇರಿಸಿದ ಪ್ಲಾಸ್ಟರಿಗೆ 1856ರಲ್ಲಿ ಲಂಡನ್ನಿನಲ್ಲಿ ಪೇಟೆಂಟ್ ಪಡೆದವನು ಡೆಸಾಶೆ ಎಂಬ ಫ್ರೆಂಚ್ ಮೂಲದ ಶಿಲ್ಪಿ. ಇಂಗ್ಲೆಂಡ್, ಆಸ್ಟ್ರೇಲಿಯಾಗಳಲ್ಲಿ 'ಫೈಬ್ರಸ್ ಪ್ಲಾಸ್ಟರರ್' ಎಂಬುದು ತರಬೇತಿ, ಅರ್ಹತಾಪತ್ರ ಇರುವ ಕಸುಬು. 2013ರ ಡಿಸೆಂಬರ್ 19ರಂದು ಲಂಡನ್ನಿನ ಅಪೋಲೋ ಥಿಯೇಟರಿನಲ್ಲಿ ನಾಟಕ ನಡೆಯುತ್ತಿದ್ದಾಗ ಇಂಥದೇ ಹಳೆಯ ಸೀಲಿಂಗಿನ ಭಾಗ ಕುಸಿದು ಎಪ್ಪತ್ತಕ್ಕೂ ಹೆಚ್ಚು ಪ್ರೇಕ್ಷಕರಿಗೆ ಗಾಯವಾಯಿತು. ಸೀಲಿಂಗನ್ನು ಎತ್ತಿ ಕಟ್ಟಿದ್ದ ಗೋಣಿನಾರಿನ ಕಟ್ಟುಗಳು ಸವೆದಿದ್ದವು. ಆಗ ಎಲ್ಲರೂ ತಲೆಯೆತ್ತಿ ನೋಡಿದರು.

ನಮ್ಮಲ್ಲೂ ಇದೇ ವಸ್ತುವಿಗೆ ಮರ್ಯಾದೆ ಸಿಗುವ ಇನ್ನೊಂದು ಅವತಾರವಿದೆ. ಗೊಬ್ಬರ ಕಾರ್ಖಾನೆಗಳ ತ್ಯಾಜ್ಯ ಜಿಪ್ಸಮ್ಮಿಗೆ ಗಾಜಿನ ನಾರು ಸೇರಿಸಿ ಕೊಚ್ಚಿಯಲ್ಲಿ 12 ಮೀಟರ್ ಉದ್ದ, 3 ಮೀಟರ್ ಎತ್ತರದ ಗೋಡೆಗಳನ್ನೇ ಎರಕ ಹೊಯ್ದರು. ಮದರಾಸಿನ ಐಐಟಿ ಅದರ ಮೇಲೆ ಸಂಶೋಧನೆ ಮಾಡಿ, ತನ್ನ ಆವರಣದಲ್ಲೇ ಮಾದರಿ ಕಟ್ಟಡ ಕಟ್ಟಿತು. ಪ್ರಬಂಧಗಳು ಬಂದವು, ಕಟ್ಟುವ ವಿಧಾನದ ಕೈಪಿಡಿಗಳು ಬಂದವು. ಬಹಳ ಒಳ್ಳೆಯದು. ಜಿಪ್ಸಮ್ ಮತ್ತು ನಾರು ಯಂತ್ರದಿಂದ ಸೇರಿದರೆ ತಂತ್ರಜ್ಞಾನ. ಅವೇ ಕೈಯಿಂದ ಸೇರಿದರೆ ಅದು ಎಂಜಿನಿಯರಿಗೂ ಬೇಡ, ಕವಿಗೂ ಬೇಡ.

ಈ ವಾದಕ್ಕೆ ಬರುವ ಎದುರು ಮಾತುಗಳು ನನಗೆ ಗೊತ್ತು. ಮೊದಲನೆಯದು, ಕಾನೂನು ತಂದರೆ ಸಣ್ಣ ಶೆಡ್ಡುಗಳು ಮುಚ್ಚಿಹೋಗುತ್ತವೆ, ಇರುವ ಕೂಲಿಯೂ ಹೋಗುತ್ತದೆ ಎಂಬುದು. ಇದು ಹಗುರವಾದ ಮಾತಲ್ಲ. ನಾನು ಕಂಡ ಶೆಡ್ಡಿನ ಮಾಲೀಕ ಹಿಂದೆ ಇದೇ ಮೇಜಿನ ಮುಂದೆ ನಿಂತು ಶೀಟು ಮಾಡುತ್ತಿದ್ದವನು. ದೊಡ್ಡ ಕಂಪನಿಗಳ ಯಂತ್ರದ ಜಿಪ್ಸಮ್ ಬೋರ್ಡಿನ ಎದುರು ಅವನ ಲಾಭ ತೆಳ್ಳಗಿದೆ. ಆದರೆ ನಾನು ಕೇಳುತ್ತಿರುವುದು ನಲವತ್ತು ರಿಜಿಸ್ಟರುಗಳನ್ನಲ್ಲ. ಕೈ ತೊಳೆಯಲು ಬೇರೆ ನಲ್ಲಿ, ಚೀಲ ಬಿಚ್ಚುವ ಜಾಗದಲ್ಲಿ ಧೂಳು ಹೊರಹಾಕುವ ಫ್ಯಾನು, ಮುಖಕ್ಕೆ ಸರಿಯಾದ ಮಾಸ್ಕ್, ಗಾಜಿನ ನಾರು ಮುಟ್ಟುವವರಿಗೆ ಬೆರಳಿಗೆ ಅಂಟಿ ಕೂರುವ ತೆಳ್ಳನೆಯ ಗ್ಲೌಸ್, ಮುರಿದ ಶೀಟಿನ ನಷ್ಟವನ್ನು ಕೂಲಿಯಿಂದ ಕಡಿಯದಿರುವುದು. ಇಷ್ಟಕ್ಕೆ ಮುಚ್ಚಿಹೋಗುವ ಉದ್ಯಮವಿದ್ದರೆ, ಇಷ್ಟು ದಿನ ಅದು ನಡೆದದ್ದು ಆ ಅಕ್ಕನ ಚರ್ಮದ ಖರ್ಚಿನಲ್ಲಿ. ಖರ್ಚು ಶೆಡ್ಡಿನವನೊಬ್ಬನೇ ಹೊರಬೇಕಾಗಿಯೂ ಇಲ್ಲ. ಮನೆಗೆ ಲಕ್ಷಗಟ್ಟಲೆ ಸುರಿದು ಸೀಲಿಂಗ್ ಹಾಕಿಸುವವರು ಶೀಟಿಗೆ ಎರಡು ರೂಪಾಯಿ ಹೆಚ್ಚು ಕೊಟ್ಟರೆ ಮನೆ ಕುಸಿಯುವುದಿಲ್ಲ.

ಎರಡನೆಯದು, ಯಂತ್ರದ ಬೋರ್ಡು ಬಂದಿದೆ, ಈ ಕೈಕೆಲಸ ತಾನಾಗಿ ಸಾಯುತ್ತದೆ, ಯಾಕೆ ಇಷ್ಟು ತಲೆ ಕೆಡಿಸಿಕೊಳ್ಳಬೇಕು ಎಂಬುದು. ಕೈಮಗ್ಗ ಸಾಯುತ್ತದೆ ಎಂದಾಗ ನಾವು ಬೀದಿಗಿಳಿದೆವು. ಇಲ್ಲಿ ಅದೇ ಮಾತನ್ನು ಸಮಾಧಾನದ ಹಾಗೆ ಹೇಳುತ್ತೇವೆ. ಅಲ್ಲದೆ ಇದು ಬೇಗ ಸಾಯುವುದೂ ಇಲ್ಲ. ಬಾಗಿದ ಅಂಚು, ಗುಮ್ಮಟ, ಹೂಬಳ್ಳಿ, ಹಳೆಯ ಕಟ್ಟಡದ ರಿಪೇರಿಗೆ ಚಪ್ಪಟೆ ಬೋರ್ಡು ಸಾಲದು. ಕೂಲಿ ಅಗ್ಗವಾಗಿರುವವರೆಗೂ ಕೈ ಬೇಕಾಗಿಯೇ ಇರುತ್ತದೆ.

ಮೂರನೆಯದು, ನಮ್ಮ ವಿಭಾಗದಲ್ಲೇ ಕೇಳಿದ್ದು: 'ಇದು ಸಮಾಜಶಾಸ್ತ್ರದವರ ವಿಷಯ, ಸಾಹಿತ್ಯದಲ್ಲಿ ಇದಕ್ಕೇನು ಕೆಲಸ?' ಯಾವ ದುಡಿಮೆಗೆ 'ಕಾಯಕ' ಎನ್ನಬೇಕು, ಯಾವುದಕ್ಕೆ 'ಕೂಲಿ' ಎನ್ನಬೇಕು, ಯಾವುದಕ್ಕೆ ಏನೂ ಅನ್ನಬಾರದು ಎಂದು ತೀರ್ಮಾನಿಸುವುದು ಭಾಷೆ. ಆ ಭಾಷೆಯನ್ನು ಕಾಯುವವರು ತಾವೆಂದು ಸಾಹಿತ್ಯದವರು ಹೇಳಿಕೊಳ್ಳುತ್ತೇವೆ. ಕಾನೂನು ಬರೆಯುವವನು 'ಯಂತ್ರಶಕ್ತಿಯಿಲ್ಲದ' ಎಂಬ ವಿಶೇಷಣ ಹಾಕಿ ನಲವತ್ತು ಎಂದು ಬರೆಯುವಾಗ, ಕೈಕೆಲಸವೆಂದರೆ ಮೆಲುವಾದದ್ದು, ಮನೆಯಂಗಳದ್ದು ಎಂಬ ಚಿತ್ರ ಅವನ ತಲೆಯಲ್ಲಿ ಕೂತಿರುತ್ತದೆ. ಆ ಚಿತ್ರವನ್ನು ಬರೆಬರೆದು ಗಟ್ಟಿ ಮಾಡಿದವರಲ್ಲಿ ನಮ್ಮ ಪ್ರಬಂಧಕಾರರೂ ಇದ್ದಾರೆ.

ಆದ್ದರಿಂದ ನನ್ನ ಬೇಡಿಕೆ ಎರಡು ಕಡೆಗೆ. ಸರ್ಕಾರಕ್ಕೆ: ಕಾರ್ಖಾನೆಯನ್ನು ಮೋಟಾರಿನಿಂದ ಅಳೆಯುವುದನ್ನು ಬಿಟ್ಟು ಧೂಳಿನಿಂದ, ಬಿಸಿಯಿಂದ, ಎತ್ತುವ ಭಾರದಿಂದ ಅಳೆಯಲಿ. ಕಾರ್ಮಿಕ ಕಾನೂನು ಸಮವರ್ತಿ ಪಟ್ಟಿಯಲ್ಲಿದೆ, ನಿಯಮ ರೂಪಿಸುವ ಅಧಿಕಾರ ರಾಜ್ಯಕ್ಕೂ ಇದೆ. 2023ರಲ್ಲಿ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದು ದಿನಕ್ಕೆ 12 ಗಂಟೆಯವರೆಗೆ ದುಡಿಸಲು ದಾರಿ ಮಾಡಿಕೊಟ್ಟ ಕರ್ನಾಟಕಕ್ಕೆ, ಎಂಟು ಜನರ ಶೆಡ್ಡಿಗೊಂದು ನಲ್ಲಿ ಕಡ್ಡಾಯ ಮಾಡುವುದು ಅಸಾಧ್ಯವೇನಲ್ಲ.

ಬರೆಯುವವರಿಗೆ: ಕೈಯ ಬಗ್ಗೆ ಬರೆಯಿರಿ, ಆದರೆ ಯಾವ ಕೈ ಎಂದು ಹೇಳಿ ಬರೆಯಿರಿ. ದಿನಕ್ಕೆ ಎಷ್ಟು ಶೀಟು, ಶೀಟಿಗೆ ಎಷ್ಟು, ಮುರಿದರೆ ಯಾರ ಲೆಕ್ಕ, ಸಂಜೆ ಕೈ ತೊಳೆಯಲು ನೀರು ಎಲ್ಲಿ ಎಂದು ಕೇಳಿ ಬರೆಯಿರಿ. ಬಿಹಾರದ ಹುಡುಗನಿಗೆ ನಾರು ಹಾಸುವುದನ್ನು ಕಲಿಸಿದವರು ಯಾರೆಂದು ಕೇಳಿ. ಆ ಶೆಡ್ಡಿನಲ್ಲಿ ಹದಗಳಿಗೆ, ಬಿರುಕುಗಳಿಗೆ, ಅಚ್ಚುಗಳಿಗೆ ಹಿಂದಿ, ತೆಲುಗು, ಕನ್ನಡ ಬೆರೆತ ಮಾತುಗಳಿವೆ. ಯಾವ ನಿಘಂಟಿನಲ್ಲೂ ಇಲ್ಲದ ಆ ಮಾತುಗಳನ್ನು ಕೂಡಿಸುವ ಕೆಲಸ ನಮ್ಮಂಥ ಸಂಶೋಧನಾ ವಿದ್ಯಾರ್ಥಿಗಳದ್ದೇ. ಕಸುಬಿಗೊಂದು ಹೆಸರು ಅಲ್ಲಿಂದಲೇ ಸಿಗಬೇಕು, ವಿಶ್ವವಿದ್ಯಾಲಯದ ಕೋಣೆಯಲ್ಲಿ ಕೂತು ನಾವು ಟಂಕಿಸಿದರೆ ಅದು ಯಾರ ಬಾಯಿಗೂ ಹತ್ತುವುದಿಲ್ಲ. ಹೆಸರು ಸಿಕ್ಕ ಮೇಲೆ ಪಟ್ಟಿಯಲ್ಲಿ ಸೇರಿಸಿ ಎಂದು ಕೇಳಲಿಕ್ಕಾದರೂ ಬಾಯಿ ಬರುತ್ತದೆ. ಎಂಟು ಜನರನ್ನು ಎಂಟೇ ಜನ ಎಂದು ಎಣಿಸುವುದಕ್ಕೆ ಇಲಾಖೆ ಅಲ್ಲಿಂದ ಶುರು ಮಾಡಲಿ.